ತುರಚಿ ಬೆಳೆಯುವ ಮಡ್ಡಿ

ಅವ್ವ ಹನ್ನೊಂದು ವರ್ಷ ಹಾಸಿಗೆಯಲ್ಲಿದ್ದಳು. ಲಕ್ವಾ ಹೊಡೆದು ಬಲಗಡೆಯ ಕೈಕಾಲು ಹೋಗಿದ್ದವು. ನಾನು ಆಗ ಅಫಜಲಪುರದ ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುತ್ತಿದ್ದೆ. ದಿನಾ ಮಧ್ಯಾಹ್ನ ಒಂದಕ್ಕೆ ಮನೆಗೆ ಓಡಿ ಬಂದು, ಅವಳ ಮಗ್ಗುಲು ಬದಲಿಸಿ, ಗಂಜಿ ಕುಡಿಸಿ, ಎರಡರೊಳಗೆ ಮತ್ತೆ ಕ್ಲಾಸಿನಲ್ಲಿರಬೇಕು. ಅವಳು ತೀರಿಕೊಂಡ ಮೇಲೂ ಎಷ್ಟೋ ದಿನ ಒಂದರ ಗಂಟೆ ಬಾರಿಸಿದ ಕೂಡಲೇ ನನ್ನ ಕಾಲು ಗೇಟಿನ ಕಡೆ ನಡೆಯುತ್ತಿದ್ದವು. ಒಂದು ದಿನ ಜವಾನ ಕೇಳಿದ, "ಎಲ್ಲಿಗ್ರಿ ಮೇಡಂ?" ಅಲ್ಲೇ ಬೇವಿನ ಗಿಡದ ಕೆಳಗೆ ನಿಂತುಕೊಂಡೆ. ಆ ವರ್ಷವೇ ಆಳಂದಕ್ಕೆ ವರ್ಗ ಮಾಡಿಸಿಕೊಂಡೆ.

ನಾನು ಮದುವೆಯಾಗಲಿಲ್ಲ. ಅದಕ್ಕೆ ದೊಡ್ಡ ಕಥೆಯೇನೂ ಇಲ್ಲ. ಅಪ್ಪ ಬೇಗ ಹೋದರು, ಅಣ್ಣನ ಸಂಸಾರ ಬೆಳೆಯಿತು, ಅವ್ವ ನನ್ನ ಕೋಣೆಗೆ ಬಂದಳು. ಹೆಣ್ಣು ಕೇಳಿಕೊಂಡು ಬರುವವರು ಯಾವಾಗ ನಿಂತರು ಅನ್ನುವುದು ನನಗೂ ತಿಳಿಯಲಿಲ್ಲ.

ಅವ್ವನ ವರ್ಷಾಂತಿಕ ಮುಗಿದ ಮೇಲೆ ಅಣ್ಣ ಆಸ್ತಿಯ ಮಾತು ತೆಗೆದ. ಕರಜಗಿಯ ನೀರಾವರಿ ಹೊಲ, ಕಬ್ಬು, ಮನೆ ಎಲ್ಲಾ ಅವನೇ ದುಡಿದು ಉಳಿಸಿಕೊಂಡದ್ದು. ಅದರಲ್ಲಿ ಪಾಲು ಕೇಳುವ ಮನಸ್ಸು ನನಗಿರಲಿಲ್ಲ.

"ಕಿಣ್ಣಿ ಸುಲ್ತಾನದ ಮಡ್ಡಿ ನೀ ಇಟ್ಕೋ," ಅಂದ. "ಅವ್ವಗ ತವರುಮನ್ಯಾಗ ಕೊಟ್ಟಿದ್ದು. ಬರೇ ಕಲ್ಲು ಅದ, ತೊಗರಿನೂ ಬೆಳ್ಯಂಗಿಲ್ಲ. ಆದ್ರ ನಿನ್ನ ಹೆಸರಿಲೆ ಒಂದು ತುಣುಕು ಇರ್ಲಿ."

ಹನ್ನೊಂದು ಎಕರೆ. ನಾನು ಅದನ್ನು ಅಲ್ಲಿಯವರೆಗೆ ನೋಡಿಯೂ ಇರಲಿಲ್ಲ. ಮಳೆ ಹಿಡಿದು ಒಂದು ತಿಂಗಳಾಗಿತ್ತು, ಒಂದು ಭಾನುವಾರ ಬೆಳಿಗ್ಗೆ ಆಳಂದದಿಂದ ಟಂಟಂ ಆಟೋ ಹತ್ತಿ, ಕಿಣ್ಣಿ ಸುಲ್ತಾನ ಊರ ಹೊರಗೆ ಇಳಿದು, ಕೇಳಿಕೊಳ್ಳುತ್ತಾ ನಡೆದೆ. ತೊಗರಿ, ಉದ್ದಿನ ಕಪ್ಪು ಹೊಲಗಳು ಮುಗಿದ ಮೇಲೆ ನೆಲ ಮೆಲ್ಲಗೆ ಏರುತ್ತದೆ. ಮಣ್ಣು ತೆಳ್ಳಗಾಗಿ ಕೆಳಗಿನ ಗರಸು ಕಾಣುತ್ತದೆ. ಅಲ್ಲಿಂದ ಮುಂದೆ ನನ್ನ ಮಡ್ಡಿ. ಮೊಣಕಾಲು ಮುಟ್ಟದ ಹುಲ್ಲು, ಅಲ್ಲಲ್ಲಿ ಬಾರಿಕಂಟಿ, ಕಾರಿಕಂಟಿ, ಹಳದಿ ಹೂವಿನ ತಂಗಡಿ, ಒಂದು ಅಂಚಿಗೆ ಬಳ್ಳಾರಿ ಜಾಲಿಯ ಗುಂಪು. ಮರವೆಂದು ಹೇಳುವಂಥದ್ದು ಒಂದೇ ಒಂದು ಬೇವು.

ಒಂದು ಬಂಡೆಗಲ್ಲಿನ ಮೇಲೆ ಕೂತು ಕೈ ಊರಿದೆ. ಬೆಂಕಿ ತಾಗಿದಂತಾಯಿತು. ಕಲ್ಲಿನ ಪಕ್ಕದ ಸಣ್ಣ ಬಳ್ಳಿಯೊಂದು ಕೈಗೆ ತಗುಲಿತ್ತು. ಕೆರೆಯಲು ಹೋದೆ.

"ತಿಕ್ಕಬ್ಯಾಡ್ರೀ! ತುರಚಿ ಅದು, ತುರಚಿ!"

ಕೂಗುತ್ತಾ ಓಡಿ ಬಂದವಳು ಎಪ್ಪತ್ತರ ಹತ್ತಿರದ ಒಬ್ಬ ಮುದುಕಿ. ನನ್ನ ಕೈ ಹಿಡಿದು, ಒಣ ಮಣ್ಣು ತೆಗೆದು ಮೆಲ್ಲಗೆ ಉದುರಿಸಿ, ತನ್ನ ಸೆರಗಿನಿಂದ ಒಂದೇ ದಿಕ್ಕಿಗೆ ಒರೆಸಿದಳು. ಅವ್ವನ ನಂತರ ನನ್ನ ಕೈಯನ್ನು ಅಷ್ಟು ಹೊತ್ತು ಯಾರೂ ಹಿಡಿದಿರಲಿಲ್ಲ. ಹಿಂದೆಯೇ ಅವಳ ಗಂಡ ಬಂದ. ಹೆಗಲ ಮೇಲೆ ಕಂಬಳಿ, ಹಿಂದೆ ನಲವತ್ತರಷ್ಟು ಕುರಿ. ಪಕ್ಕದ ದೊಡ್ಡಿ ಅನ್ನುವ ಕುರುಬರ ಸಣ್ಣ ಕೇರಿಯವರು. ನನ್ನ ಅಜ್ಜನ ಕಾಲದಿಂದಲೂ ಈ ಮಡ್ಡಿಯ ಮೇಲೆ ಕುರಿ ಮೇಯಿಸುತ್ತಿದ್ದವರು. ನಾನು ಯಾರೆಂದು ಹೇಳಿದಾಗ ಇಬ್ಬರೂ ಕೈಮುಗಿದರು. ಕಾಲೇಜಿನಲ್ಲಿ ಕಲಿಸುತ್ತೇನೆ ಅಂದದ್ದಕ್ಕೆ ಅಂದಿನಿಂದ ನಾನು 'ಅಕ್ಕೋರು' ಆದೆ. ನಾನು ಅವರನ್ನು ಅಜ್ಜ, ಅಜ್ಜಿ ಅನ್ನುವ ಹಾಗೆ ಮುತ್ಯಾ, ಆಯಿ ಎಂದು ಕರೆದೆ.

ಅವರ ಜೊತೆ ರೊಟ್ಟಿ ಬಿಚ್ಚಿಕೊಂಡು ಕೂತಿದ್ದಾಗಲೇ ಆ ಚಿಟ್ಟೆ ಬಂದು ನೆಲದ ಮೇಲೆ ಕೂತದ್ದು. ರೆಕ್ಕೆ ಪೂರ್ತಿ ಬಿಚ್ಚಿ, ಬಿಸಿಲಿಗೆ ಮೈಯೊಡ್ಡಿ. ಮಾಗಿದ ಕಿತ್ತಳೆಯ ಬಣ್ಣ, ಮೇಲೆ ಕಪ್ಪು ಚುಕ್ಕೆ, ಅಂಚಿಗೆ ಕಪ್ಪು ಪಟ್ಟಿ. ಒಂದಡಿ ಎತ್ತರದಲ್ಲಿ ಹಾರಿ, ಮತ್ತೆ ಕೂತು, ಮತ್ತೆ ಹಾರಿತು. ಇಪ್ಪತ್ತೆಂಟು ವರ್ಷ ಕೀಟಗಳ ಪಾಠ ಮಾಡಿದವಳು ನಾನು. ಅದರ ಹೆಸರು ನನಗೆ ಗೊತ್ತಿರಲಿಲ್ಲ.

"ಪಾತರಗಿತ್ತಿರಿ," ಅಂದಳು ಆಯಿ, ಅದಕ್ಕಿಂತ ಹೆಚ್ಚಿನ ಹೆಸರು ಅದಕ್ಕೆ ಬೇಕಿಲ್ಲ ಅನ್ನುವಂತೆ.

ಫೋನಿನಲ್ಲಿ ಚಿತ್ರ ತೆಗೆದೆ. ಪುಣೆಯಲ್ಲಿ ಚಿಟ್ಟೆಗಳ ಅಭ್ಯಾಸ ಮಾಡುವವರೊಬ್ಬರು ಹಿಂದೆ ಒಂದು ತರಬೇತಿಯಲ್ಲಿ ಪರಿಚಯವಾಗಿದ್ದರು. ಅವರಿಗೆ ಕಳಿಸಿದೆ. ಹತ್ತು ನಿಮಿಷದಲ್ಲಿ ಅವರೇ ಫೋನು ಮಾಡಿದರು. ಇಂಗ್ಲಿಷಿನಲ್ಲಿ ಅದಕ್ಕೆ ಜೋಕರ್ ಅಂತ ಹೆಸರಂತೆ. ಒಣ ಬಯಲಿನ ಚಿಟ್ಟೆ. ಹುಲ್ಲುಗಾವಲುಗಳು ಹೊಲವಾಗುತ್ತಾ, ಸೈಟಾಗುತ್ತಾ ಹೋದಂತೆ ಕಾಣೆಯಾಗುತ್ತಿದೆಯಂತೆ. ಅದರ ಹುಳು ತಿನ್ನುವುದು ತುರಚಿಯ ಎಲೆಯನ್ನು ಮಾತ್ರ. ತುರಚಿ ಇಲ್ಲದ ಕಡೆ ಅದು ಮೊಟ್ಟೆಯಿಡುವುದಿಲ್ಲ.

"ಮೇಡಂ, ಜಾಗ ನಿಮ್ಮದೇನು?" ಅಂತ ಕೇಳಿದರು.

"ಹೌದು, ನನ್ನದೇ," ಅಂದೆ. ಆ ಎರಡು ಮಾತು ಹೇಳುವಾಗ ನನ್ನ ದನಿ ಬದಲಾದದ್ದು ನನಗೇ ಕೇಳಿಸಿತು. ಬಾಡಿಗೆ ಕೋಣೆ, ಸರಕಾರಿ ಕುರ್ಚಿ, ಅಣ್ಣನ ಮನೆಯ ಹಬ್ಬದೂಟ. ಅದುವರೆಗೆ ನನ್ನದು ಅನ್ನುವಂಥದ್ದು ಏನೂ ಇರಲಿಲ್ಲ.

"ಹಾಗಾದರೆ ಕಾಪಾಡಿ," ಅಂದರು ಅವರು. ಹೇಗೆ ಅಂತ ನಾನು ಕೇಳಲಿಲ್ಲ. ನನಗೆ ಗೊತ್ತಿದೆ ಅಂದುಕೊಂಡೆ.

ಆ ಮಳೆಗಾಲ ಪ್ರತಿ ಭಾನುವಾರ ಹೋದೆ. ಆಯಿ ನನಗಾಗಿ ರೊಟ್ಟಿಗೆ ಹಚ್ಚಿಕೊಳ್ಳಲು ಶೇಂಗಾ ಹಿಂಡಿ ತರುತ್ತಿದ್ದಳು, ನಾನು ಅವರಿಗೆ ಆಳಂದದಿಂದ ಬಾಳೆಹಣ್ಣು ಒಯ್ಯುತ್ತಿದ್ದೆ. ಮುತ್ಯಾ ಹೆಚ್ಚು ಮಾತಾಡುವವನಲ್ಲ. ಕುರಿಗಳನ್ನು ಒಂದೇ ಕಡೆ ಎರಡು ದಿನ ನಿಲ್ಲಿಸುತ್ತಿರಲಿಲ್ಲ, ಅಷ್ಟನ್ನು ನೋಡಿದ್ದೆ. ಅದರ ಅರ್ಥ ಏನಿರಬಹುದು ಅಂತ ವಿಚಾರ ಮಾಡಲಿಲ್ಲ.

ಮಾಡಿದ್ದೇನೆಂದರೆ, ಚಳಿಗಾಲ ಬರುತ್ತಿದ್ದಂತೆ ಕಲ್ಲುಕಂಬ ಹೂಳಿಸಿ ಸುತ್ತ ತಂತಿ ಬೇಲಿ ಹಾಕಿಸಿದೆ. ಕುರಿಯ ಗೊರಸಿನ ಕೆಳಗೆ ತುರಚಿ ಸಿಕ್ಕಿಬೀಳುವುದನ್ನು, ಅದರ ಮೇಲಿನ ಹುಳು ಸಾಯುವುದನ್ನು ಊಹಿಸಿಕೊಂಡು ನನಗೆ ನಿದ್ದೆ ಬಾರದಂತಾಗಿತ್ತು. ಹುಲ್ಲು ನೆಲಕ್ಕೆ ಹತ್ತುವಂತೆ ಮೇಯುವ ಪ್ರಾಣಿ, ಚಿಟ್ಟೆ ಉಳಿಯಬೇಕಾದರೆ ಅದು ಹೊರಗಿರಬೇಕು. ಲೆಕ್ಕ ಸರಳವಾಗಿತ್ತು.

ಬೇಲಿಯ ಕೊನೆಯ ತಂತಿ ಬಿಗಿಯುವ ದಿನ ಮುತ್ಯಾ ಕುರಿ ಹೊಡೆದುಕೊಂಡು ಬಂದ. ಆಯಿ ಸ್ವಲ್ಪ ಹಿಂದೆ ನಿಂತಿದ್ದಳು.

"ಇದು ಯಾಕ್ರಿ ಅಕ್ಕೋರೆ?"

"ಪಾತರಗಿತ್ತಿ ಸಲುವಾಗಿ ಮುತ್ಯಾ. ಇನ್ನ ಮುಂದ ಕುರಿ ಒಳಗ ಬಿಡಬ್ಯಾಡ್ರಿ. ಹುಲ್ಲು ಬೆಳೀಬೇಕು."

ಅವನು ತಂತಿಯನ್ನು ಮುಟ್ಟಿ ನೋಡಿದ. "ಕುರಿ ತುರಚಿ ತಿನ್ನಂಗಿಲ್ರಿ. ಮೂಗು ಸುಡ್ತದ ಅವಕ್ಕ."

"ತಿನ್ನದಿದ್ರೂ ತುಳೀತಾವಲ್ಲ."

"ಹಂಗಂತೀರಿ?" ಅಂದ. ವಾದ ಮಾಡಲಿಲ್ಲ. "ನಿಮ್ಮ ಹೊಲರಿ. ನೀವು ಹೇಳಿದಂಗ."

ಆಯಿಯ ಕೈಯಲ್ಲಿ ಹಿಂಡಿಯ ಗಂಟು ಇತ್ತು. ಅದನ್ನು ಕೊಡಬೇಕೋ ಬೇಡವೋ ಎಂದು ಎರಡು ಹೆಜ್ಜೆ ಮುಂದೆ ಬಂದು ಮತ್ತೆ ಗಂಡನ ಹಿಂದೆ ಹೊರಟಳು. ಅವಳನ್ನು ನಾನು ಕರೆಯಬಹುದಿತ್ತು. ಕರೆಯಲಿಲ್ಲ. ಬೇಲಿ ಹಾಕುವ ಆಳುಗಳ ಮುಂದೆ ಗಟ್ಟಿಯಾಗಿರಬೇಕು ಅನ್ನಿಸಿತ್ತು.

ಆಮೇಲಿನ ಮೊದಲ ಮಳೆಗಾಲ ನಾನು ಬಹಳ ಖುಷಿಯಲ್ಲಿದ್ದೆ. ಊರಿನ ನಾಲ್ಕು ಹೆಣ್ಣುಮಕ್ಕಳನ್ನು ಕರೆದು ಹುಲ್ಲನ್ನು ನುಂಗುತ್ತಾ ಹಬ್ಬುತ್ತಿದ್ದ ಬಳ್ಳಾರಿ ಜಾಲಿಯನ್ನು ಬೇರುಸಹಿತ ತೆಗೆಸಿದೆ. ಅದೊಂದು ಸರಿಯಾದ ಕೆಲಸ, ಇವತ್ತಿಗೂ ಹಾಗೆಯೇ ಅನ್ನುತ್ತೇನೆ. ಹುಲ್ಲು ಸೊಂಟದವರೆಗೆ ಬಂತು. ಗಾಳಿ ಬಂದಾಗ ಇಡೀ ಮಡ್ಡಿ ಒಂದೇ ಕಡೆ ಬಾಗಿ ಎದ್ದೇಳುವುದನ್ನು ನೋಡುತ್ತಾ ಬಂಡೆಗಲ್ಲಿನ ಮೇಲೆ ಒಬ್ಬಳೇ ರೊಟ್ಟಿ ತಿನ್ನುತ್ತಿದ್ದೆ. ಮಾತಾಡಲು ಯಾರೂ ಇರಲಿಲ್ಲ. ಒಂದೊಂದು ಭಾನುವಾರ ಬೆಳಿಗ್ಗೆ ಟಂಟಂನವನಿಗೆ ಊರ ಹೆಸರು ಹೇಳಿದ್ದು ಬಿಟ್ಟರೆ ಸಂಜೆಯವರೆಗೆ ಬಾಯಿ ತೆರೆದಿರುತ್ತಿರಲಿಲ್ಲ. ಸಂಜೆ ಕೋಣೆಗೆ ಬಂದು ಹಾಲಿನವನಿಗೆ ಮಾತಾಡಿದರೆ ದನಿ ಒಡೆದು ಬರುತ್ತಿತ್ತು.

ಒಂದು ನೋಟ್‌ಬುಕ್ ಇಟ್ಟಿದ್ದೆ. ನೋಡಿದ ಚಿಟ್ಟೆಗಳನ್ನೆಲ್ಲ ಬರೆಯುತ್ತಿದ್ದೆ. ಆ ವರ್ಷ ಜೋಕರ್ ಹೆಚ್ಚೂಕಡಿಮೆ ಮೊದಲಿನಷ್ಟೇ ಕಂಡಿತು. ಎರಡನೆಯ ಮಳೆಗಾಲ ಎಣಿಸಲು ಕೈಬೆರಳು ಸಾಕಾಯಿತು. ಮಳೆ ಸರಿ ಇಲ್ಲ ಅಂದುಕೊಂಡೆ. ಮೂರನೆಯ ಮಳೆಗಾಲ, ಶ್ರಾವಣ ಹೋಯಿತು, ಭಾದ್ರಪದ ಹೋಯಿತು, ದಸರೆಯೂ ಮುಗಿಯಿತು. ಒಂದೂ ಬರಲಿಲ್ಲ. ನೋಟ್‌ಬುಕ್ಕಿನಲ್ಲಿ ಬೇರೆ ಚಿಟ್ಟೆಗಳ ಹೆಸರಿದ್ದವು, ಅದರ ಮನೆ ಖಾಲಿ.

ತುರಚಿ ಹುಡುಕುತ್ತಾ ಹೋದೆ. ಹುಲ್ಲನ್ನು ಎರಡೂ ಕೈಯಿಂದ ಸರಿಸಿ ನೋಡಿದರೆ ಕೆಳಗೆ ಹೋದ ವರ್ಷದ ಒಣ ಹುಲ್ಲು, ಅದರ ಕೆಳಗೆ ಅದರ ಹಿಂದಿನ ವರ್ಷದ್ದು, ಹಾಸಿಗೆಯ ಹಾಗೆ. ಬಿಸಿಲು ನೆಲ ಮುಟ್ಟುತ್ತಲೇ ಇರಲಿಲ್ಲ. ಮೊದಲು ಕೈ ಊರಿದ ಬಂಡೆಗಲ್ಲಿನ ಪಕ್ಕದಲ್ಲಿ ಒಂದೇ ಒಂದು ಬಳ್ಳಿ, ಅದೂ ಬಿಳುಚಿಕೊಂಡು, ಎರಡೆಲೆ ಬಿಟ್ಟುಕೊಂಡು ಇತ್ತು. ಬೇಕಂತಲೇ ಅದನ್ನು ಮುಟ್ಟಿದೆ. ಸ್ವಲ್ಪ ಉರಿಯಿತು. ಅಷ್ಟರಿಂದಲೇ ನನಗೆ ಸಮಾಧಾನವಾಯಿತು, ಇನ್ನೂ ಜೀವ ಇದೆ ಅಂತ.

ಪುಣೆಯವರಿಗೆ ಫೋನು ಹಚ್ಚಿದೆ. ಎಲ್ಲಾ ಕೇಳಿಸಿಕೊಂಡು ಅವರು ಒಂದೇ ಪ್ರಶ್ನೆ ಕೇಳಿದರು: "ಬೇಲಿಗಿಂತ ಮೊದಲು ಅಲ್ಲಿ ಏನು ಮೇಯುತ್ತಿತ್ತು?"

"ಕುರಿ."

ಅವರು ಹೇಳಿದರು, ಬೈಯದೆ, ಪಾಠ ಹೇಳುವವರ ಹಾಗೆ. ಕುರಿ ಹುಲ್ಲನ್ನು ತಿನ್ನುತ್ತದೆ, ತುರಚಿಯನ್ನು ಬಿಡುತ್ತದೆ. ಹುಲ್ಲು ತಗ್ಗಿದಲ್ಲಿ ತುರಚಿಗೆ ಬಿಸಿಲು ಸಿಗುತ್ತದೆ. ಚಿಟ್ಟೆಗೂ ಕೂರಲು ಬೋಳು ನೆಲ ಬೇಕು. ಹೆಚ್ಚು ಮೇಯಿಸಿದರೆ ಹಾಳು, ಮೇಯಿಸದೆ ಬಿಟ್ಟರೂ ಹಾಳು. ಒಂದು ತುಂಡು ಮೇಯಬೇಕು, ಒಂದು ತುಂಡು ಕೊಯ್ಯಬೇಕು, ಒಂದು ತುಂಡನ್ನು ಹಾಗೇ ಬಿಡಬೇಕು, ವರ್ಷ ವರ್ಷ ಬದಲಿಸಬೇಕು. ಬೆಂಕಿ ಮಾತ್ರ ಹಾಕಬೇಡಿ ಅಂದರು. "ಆ ಕುರುಬರಿಗೆ ಇದು ತಿಳಿದೇ ಇರುತ್ತದೆ ಮೇಡಂ. ಅವರನ್ನೇ ಕೇಳಿ."

ಫೋನಿಟ್ಟೆ. ನನಗೆ ನಾಚಿಕೆಯಾದದ್ದು ಚಿಟ್ಟೆಯ ಸಲುವಾಗಿ ಅಷ್ಟಲ್ಲ. ಕುರಿ ತುರಚಿ ತಿನ್ನುವುದಿಲ್ಲ ಅಂತ ಬೇಲಿಯ ಹೊರಗೆ ನಿಂತು ಒಬ್ಬ ಮನುಷ್ಯ ನನಗೆ ಹೇಳಿದ್ದ. ನಾನು ಕೇಳಿಸಿಕೊಂಡಿದ್ದೆ. ಆದರೆ ಅದು ತನ್ನ ಕುರಿಯ ಹೊಟ್ಟೆಗಾಗಿ ಆಡಿದ ಮಾತು ಅಂದುಕೊಂಡಿದ್ದೆ.

ಮರುದಿನವೇ ದೊಡ್ಡಿಗೆ ಹೋದೆ. ಅವರ ಮನೆಗೆ ಬೀಗ. ಪಕ್ಕದ ಮನೆಯ ಹೆಂಗಸು ಬಾಗಿಲಿಗೆ ಬಂದು, "ಅವರಿಲ್ರಿ. ಜೇವರ್ಗಿ ಕಡಿ ಮಗಳ ಊರಿಗಿ ಹೋಗ್ಯಾರ, ಎರಡು ವರ್ಷ ಆತು," ಅಂದಳು.

"ಇಬ್ಬರೂನಾ?"

ಅವಳು ನನ್ನ ಮುಖ ನೋಡಿದಳು. "ನಿಮಗ ಗೊತ್ತಿಲ್ಲೇನ್ರಿ? ಆಯಿ ತೀರಿಕೊಂಡಳಲ್ಲ. ಜ್ವರ ಬಂದಿದ್ದೇ ನೆಪ. ಮುದುಕ ಒಬ್ಬನೇ ಆದ, ಮಗಳು ಬಂದು ಕರಕೊಂಡು ಹೋದಳು."

ಆಳಂದಕ್ಕೆ ಹೇಗೆ ವಾಪಸು ಬಂದೆನೋ ನೆನಪಿಲ್ಲ. ಪಕ್ಕದ ಮಡ್ಡಿಗೇ ಭಾನುವಾರ ಬಂದು ಹೋಗುತ್ತಿದ್ದರೂ, ನನ್ನ ಕೈಯನ್ನು ಸೆರಗಿನಿಂದ ಒರೆಸಿದ ಹೆಂಗಸು ಹೋದದ್ದು ನನಗೆ ತಿಳಿದಿರಲಿಲ್ಲ. ತಿಳಿಸುವಂಥ ಸಂಬಂಧವನ್ನು ನಾನೇ ಇಟ್ಟುಕೊಂಡಿರಲಿಲ್ಲ.

ಅಷ್ಟರಲ್ಲಿ ನನಗೆ ನಿವೃತ್ತಿಯೂ ಆಗಿತ್ತು. ಕಾಲೇಜಿನಲ್ಲಿ ಶಾಲು ಹೊದಿಸಿ, ಒಂದು ಗಡಿಯಾರ ಕೊಟ್ಟು ಕಳಿಸಿದ್ದರು. ದೊಡ್ಡಿಗೆ ಹೋಗಿಬಂದ ಮುಂದಿನ ವಾರವೇ ಜೇವರ್ಗಿಗೆ ಹೊರಟೆ. ಆಳಂದದಿಂದ ಕಲಬುರಗಿ, ಅಲ್ಲಿ ಬಸ್ಸು ಬದಲಿಸಿ ಭೀಮಾ ಸೇತುವೆ ದಾಟಿ ಜೇವರ್ಗಿ, ಅಲ್ಲಿಂದ ಮತ್ತೊಂದು ಟಂಟಂ. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಮಾತು ಹೊಂದಿಸಿಕೊಳ್ಳುತ್ತಾ ಹೋದೆ. ಅವರ ಮಗಳ ಮನೆಯ ಕಟ್ಟೆಯ ಮೇಲೆ ಮುತ್ಯಾ ಕಾಲು ಚಾಚಿ ಕೂತಿದ್ದ. ಎರಡೂ ಮೊಣಕಾಲಿಗೆ ಬಟ್ಟೆ ಸುತ್ತಿತ್ತು. ಪಕ್ಕದ ಹಟ್ಟಿಯಲ್ಲಿ ಒಂಬತ್ತು ಕುರಿ. ನಲವತ್ತರಲ್ಲಿ ಉಳಿದದ್ದು ಅಷ್ಟೇ. ಅವನನ್ನು ಕಂಡ ಕೂಡಲೇ ನಾನು ಹೊಂದಿಸಿದ ಮಾತೆಲ್ಲಾ ಹೋಯಿತು.

"ಆಯಿ ಹೋದದ್ದು ನನಗ ಗೊತ್ತಾಗಲಿಲ್ಲ ಮುತ್ಯಾ."

"ಕೂಡ್ರಿ ಅಕ್ಕೋರೆ," ಅಂದ. ಮಗಳನ್ನು ಕರೆದು, "ಚಹಾ ಇಡಬೇ, ನಮ್ಮ ಕಡಿಯವರು ಬಂದಾರ," ಅಂದ.

ಚಹಾ ಬಂತು. ಅವನು ಬಸಿಗೆ ಸುರಿದು ಕುಡಿದ. ಆಯಿಯ ಬಗ್ಗೆ ಅವನೂ ಮಾತಾಡಲಿಲ್ಲ, ಕೇಳುವ ಧೈರ್ಯ ನನಗೂ ಆಗಲಿಲ್ಲ. ಬೇಲಿಯಿಂದಾಗಿ ಕುರಿ ಮಾರಬೇಕಾಯಿತೇ ಅಂತ ಕೇಳಿದೆ. ಅವನು ತಲೆಯಾಡಿಸಿದ.

"ನಿಮ್ಮದೊಂದೇ ಅಲ್ರಿ. ಕುರಿ ಮೇಯೂ ಗಾಯರಾಣ ಇದ್ದಲ್ಲೆಲ್ಲಾ ಒಂದಲ್ಲ ಒಂದು ಬೇಲಿ ಬಿತ್ತು. ಕುರಿ ಹೊಡಕೊಂಡು ಎಲ್ಲಿ ಹೋಗೂದು? ಆಕಿ ಇದ್ದಾಗ ಹೆಂಗೋ ನಡೀತು." ಬಸಿ ಕೆಳಗಿಟ್ಟು ಕೇಳಿದ, "ನೀವು ಇಷ್ಟು ದೂರ ಬಂದ್ರಲ್ಲ, ನನ್ನ ನೋಡಾಕ ಬಂದೀರೋ, ಪಾತರಗಿತ್ತಿ ಸಲುವಾಗಿ ಬಂದೀರೋ?"

ಸುಳ್ಳು ಹೇಳಬಹುದಿತ್ತು. ಅವನ ಕಣ್ಣು ನೋಡಿ ಹೇಳಲಾಗಲಿಲ್ಲ.

"ಪಾತರಗಿತ್ತಿ ಸಲುವಾಗಿ," ಅಂದೆ. "ಬರಬೇಕಾಗಿದ್ದು ನಿಮ್ಮನ್ನ ನೋಡಾಕ."

ಅವನು ನಕ್ಕುಬಿಟ್ಟ. ಬೊಚ್ಚು ಬಾಯಿಯ ಆ ನಗೆಯನ್ನು ನಾನು ಮೊದಲ ಸಲ ನೋಡಿದ್ದು. "ಖರೇ ಹೇಳಿದ್ರಿ. ಅದು ಛಲೋ ಆತು."

ನಾನು ಎಲ್ಲಾ ಹೇಳಿದೆ. ಹುಲ್ಲು ಬೆಳೆದದ್ದು, ತುರಚಿ ಮುಚ್ಚಿಹೋದದ್ದು, ಪುಣೆಯವರು ಹೇಳಿದ್ದು. ವಾಪಸು ಬಂದು ಮೊದಲಿನ ಹಾಗೆ ಮೇಯಿಸಬೇಕು ಅಂತ ಕೇಳಿಕೊಂಡೆ. ಅವನು ಮೊಣಕಾಲು ತೋರಿಸಿದ. "ಇವು ಮಡ್ಡಿ ಏರಂಗಿಲ್ರಿ ಈಗ. ಅಂಗಳ ದಾಟಿದ್ರ ಸಾಕಾಗ್ಯಾದ." ಆಮೇಲೆ ಒಂದು ಕಡ್ಡಿ ತೆಗೆದುಕೊಂಡು ಕಟ್ಟೆಯ ಕೆಳಗಿನ ಮಣ್ಣಿನ ಮೇಲೆ ನನ್ನ ಮಡ್ಡಿಯನ್ನು ಬರೆದ. ಬೇವು ಎಲ್ಲಿ, ಬಂಡೆ ಎಲ್ಲಿ, ನೀರು ಹರಿಯುವ ಜಾಡು ಎಲ್ಲಿ, ಒಂದೂ ತಪ್ಪಲಿಲ್ಲ. ಮೊದಲ ಮಳೆ ಬಿದ್ದು ತುರಚಿ ನಾಲ್ಕೆಲೆ ಬಿಡುವವರೆಗೆ ಬಂಡೆಯ ಕಡೆ ಕುರಿ ಬಿಡಬಾರದು. ಅಲ್ಲಿಯವರೆಗೆ ಜಾಡಿನ ಕೆಳಗೆ ಮೇಯಿಸಬೇಕು. ಆಮೇಲೆ ಬಂಡೆಯ ಕಡೆ ಬಿಟ್ಟರೂ ಒಂದು ಹೊತ್ತು ಮಾತ್ರ, ನಿಂತಲ್ಲಿ ನಿಲ್ಲಿಸಬಾರದು. ಬಡಗಣ ತುಂಡನ್ನು ದೀಪಾವಳಿಯವರೆಗೆ ಮುಟ್ಟಬಾರದು.

"ಇದೆಲ್ಲಾ ಪಾತರಗಿತ್ತಿ ಸಲುವಾಗಿ ಮಾಡ್ತಿದ್ರೇನು?" ಅಂತ ಕೇಳಿದೆ.

"ಇಲ್ರಿ. ಹುಲ್ಲು ಮುಂದಿನ ವರ್ಷಕ್ಕೂ ಬೇಕಲ್ರಿ."

ಹೊರಡುವಾಗ ಅವನೇ ಒಂದು ಮಾತು ಹೇಳಿದ. ಈ ಒಂಬತ್ತು ಕುರಿಯನ್ನು ಪಾಲಿಗೆ ಒಯ್ಯಿರಿ. ನಮ್ಮ ಕಡೆ ಅದು ಹಳೆಯ ಪದ್ಧತಿ. ಕುರಿ ಒಬ್ಬರದು, ಸಾಕುವುದು ಇನ್ನೊಬ್ಬರು, ಹುಟ್ಟಿದ ಮರಿ ಇಬ್ಬರಿಗೂ ಅರ್ಧರ್ಧ. "ಇಲ್ಲಿ ಕಟ್ಟಿಹಾಕಿ ಇಟ್ಟೇನಿ, ಅವೂ ಹೈರಾಣ ಆಗ್ಯಾವ. ಕುರಿ ನನ್ನವೇ, ತಿಳೀತಿಲ್ರಿ? ಕಾಯಾಕ ಅಷ್ಟ ನಿಮಗ ಕೊಡ್ತೇನಿ."

ಅವನ ಅಳಿಯ ಒಂದು ಗಾಡಿ ಮಾಡಿ ಕುರಿಗಳನ್ನು ತಂದು ಮಡ್ಡಿಯಲ್ಲಿ ಇಳಿಸಿಹೋದ. ನಾನು ಆಳಂದದ ಕೋಣೆ ಬಿಟ್ಟು ಮಡ್ಡಿಯ ಅಂಚಿಗೆ ತಗಡಿನ ಒಂದು ಮನೆ ಹಾಕಿಸಿಕೊಂಡೆ. ಸುದ್ದಿ ಕರಜಗಿ ಮುಟ್ಟಲು ಎರಡು ದಿನ ಹಿಡಿಯಿತು. ಅಣ್ಣ ಮೋಟಾರ್‌ಸೈಕಲ್ ಹೊಡೆದುಕೊಂಡು ಬಂದವನು ಕೆಳಗಿಳಿಯಲೇ ಇಲ್ಲ.

"ಎಂಎಸ್ಸಿ ಮಾಡಿದ್ದು ಕುರಿ ಕಾಯಾಕೇನು? ಲಿಂಗ ಕಟ್ಟಿಕೊಂಡ ಮನಿ ನಮ್ಮದು. ಮಂದಿ ಏನಂತಾರ?"

"ಮಂದಿ ಇಲ್ಲಿ ಬರಂಗೇ ಇಲ್ಲಣ್ಣ," ಅಂದೆ. "ಬಂದ್ರ ಮಾತಾಡಸ್ತೇನಿ."

ಅವನು ನನ್ನನ್ನೂ ತಗಡಿನ ಮನೆಯನ್ನೂ ಮತ್ತೊಮ್ಮೆ ನೋಡಿದ. ಸಿಟ್ಟು ಇಳಿದಿತ್ತು, ಅದರ ಜಾಗದಲ್ಲಿ ಬಂದದ್ದನ್ನು ತಡೆದುಕೊಳ್ಳುವುದು ನನಗೆ ಇನ್ನೂ ಕಷ್ಟವಾಯಿತು. "ಒಬ್ಬಾಕಿನೇ ಹೆಂಗ ಇರ್ತೀ?" ಅಂತ ಕೇಳಿದ. ನಾನು ಎಷ್ಟು ವರ್ಷದಿಂದ ಒಬ್ಬಳೇ ಇದ್ದೇನೆ ಅನ್ನುವುದು ಅವನಿಗೆ ಹೊಳೆದೇ ಇರಲಿಲ್ಲ. ಮನೆಯಲ್ಲಿ ಚಹಾ ಇತ್ತು. ಕುಡಿಯದೆ ಹೋದ.

ಕುರಿ ಕಾಯುವುದು ಪಾಠ ಮಾಡಿದಷ್ಟು ಸುಲಭವಲ್ಲ. ಮೊದಲ ತಿಂಗಳು ಅವು ನನ್ನ ಮಾತು ಕೇಳಲೇ ಇಲ್ಲ. ಬೇಲಿಯ ಎರಡು ಕಡೆ ತಂತಿ ಬಿಚ್ಚಿ ದಾರಿ ಮಾಡಿದೆ. ದಪ್ಪಗೆ ಬಿದ್ದಿದ್ದ ಹಳೆಯ ಹುಲ್ಲನ್ನು ಕುಡಗೋಲಿನಿಂದ ಕೊಯ್ದು ಊರಿನವರಿಗೆ ಮೇವಿಗೆ ಕೊಟ್ಟೆ. ಅಂಗೈಯಲ್ಲಿ ಬೊಬ್ಬೆ ಎದ್ದವು, ಒಡೆದವು, ಗಟ್ಟಿಯಾದವು. ಮುತ್ಯಾ ಮಣ್ಣಿನ ಮೇಲೆ ಬರೆದದ್ದನ್ನು ಕಾಗದಕ್ಕೆ ಇಳಿಸಿಕೊಂಡಿದ್ದೆ. ಯಾವ ವಾರ ಯಾವ ತುಂಡು ಅನ್ನುವುದನ್ನು ಅದರ ಮೇಲೆ ಗುರುತು ಹಾಕುತ್ತಿದ್ದೆ. ಒಮ್ಮೆ ಎರಡು ಕುರಿ ಉದ್ದಿನ ಹೊಲಕ್ಕೆ ನುಗ್ಗಿ, ಹೊಲದವನು ಬಂದು ಬಾಯಿಗೆ ಬಂದಂತೆ ಬೈದ. ಅವನು ಹೋದ ಮೇಲೆ ನನಗೆ ಹೊಳೆಯಿತು, ಆ ವಾರದಲ್ಲಿ ನನ್ನ ಜೊತೆ ಎದುರುಬದುರು ನಿಂತು ಮಾತಾಡಿದ ಮನುಷ್ಯ ಅವನೊಬ್ಬನೇ.

ಪ್ರತಿ ಸೋಮವಾರ ಮುತ್ಯಾನ ಫೋನು ಬರುತ್ತಿತ್ತು. ಮಗಳು ಹಚ್ಚಿ ಕೊಡುತ್ತಿದ್ದಳು. ಅವನಿಗೆ ಕಿವಿ ಮಂದವಾಗುತ್ತಾ ಬಂದಿತ್ತು, ಹಾಗಾಗಿ ಕೂಗಿಯೇ ಮಾತು. ಬಿಳಿ ಚುಕ್ಕೆಯದು ಕುಂಟುತ್ತದೋ, ಕರಿಯದು ಗಬ್ಬಾಯಿತೋ, ಅವನು ಕೇಳುವುದು ಅದನ್ನೇ. ಮಾತು ಮೂರು ನಿಮಿಷ ಮೀರುತ್ತಿರಲಿಲ್ಲ. ಆದರೂ ಸೋಮವಾರ ಬೆಳಿಗ್ಗೆ ನಾನು ಫೋನು ಚಾರ್ಜ್ ಆಗಿದೆಯೋ ಇಲ್ಲವೋ ಅಂತ ಎರಡು ಸಲ ನೋಡುತ್ತಿದ್ದೆ.

ಕುರಿ ಬಂದ ಮೇಲಿನ ಮೊದಲ ಮಳೆಗಾಲ ತುರಚಿ ಬಂತು. ಒಂದು ಕಡೆಯಲ್ಲ, ಕುರಿ ಹುಲ್ಲು ತಗ್ಗಿಸಿದ ಕಡೆಯೆಲ್ಲಾ. ನೆಲದೊಳಗೆ ಬೇರು ಕಾಯುತ್ತಿದ್ದವು ಅಂತ ಕಾಣುತ್ತದೆ. ಕುರಿಗಳು ಅದರ ಸುತ್ತ ಮೂಗು ಸರಿಸುತ್ತಾ ಹುಲ್ಲನ್ನಷ್ಟೇ ಕಿತ್ತು, ಬಳ್ಳಿಯನ್ನು ಬಿಟ್ಟು ಮುಂದೆ ಹೋಗುವುದನ್ನು ಕೂತು ನೋಡಿದೆ. ಚಿಟ್ಟೆ ಮಾತ್ರ ಬರಲಿಲ್ಲ. ಎಲ್ಲಿಂದ ಬರಬೇಕು? ಸುತ್ತ ಎಲ್ಲಾದರೂ ಉಳಿದಿದ್ದರೆ ತಾನೇ? ಪುಣೆಯವರು ಕಾಯಿರಿ ಅಂದರು. ಬೇರೆ ಕಡೆಯಿಂದ ತಂದು ಬಿಡುವುದು ಬೇಡ, ದಾರಿ ಇದ್ದರೆ ತಾವೇ ಬರುತ್ತವೆ ಅಂದರು. ಖಜೂರಿ ಊರಿನ ಕಡೆ ರಸ್ತೆಯಾಚೆ ಇನ್ನೂ ಒಂದೆರಡು ಬೋಳುಗುಡ್ಡ ಉಳಿದಿವೆ, ಅಲ್ಲೇನಾದರೂ ಇರಬಹುದು ಅಂತ ಒಂದು ದಿನ ಹೋಗಿ ಹುಡುಕಿದೆ. ಲಾರಿಗಳ ಧೂಳಿನಲ್ಲಿ ಮಧ್ಯಾಹ್ನದವರೆಗೆ ತಿರುಗಿ, ಕೆಲವು ತುರಚಿ ಬಳ್ಳಿ ಕಂಡು, ಚಿಟ್ಟೆ ಕಾಣದೆ ಬಂದೆ.

ಮುಂದಿನ ವರ್ಷ, ಅಂದರೆ ಈ ವರ್ಷ, ಭಾದ್ರಪದದಲ್ಲಿ ನಾಲ್ಕು ದಿನ ಸತತ ಮಳೆ ಹಿಡಿದು ಬಿಟ್ಟಿತು. ಬೆಳಿಗ್ಗೆ ಹತ್ತರ ಸುಮಾರಿಗೆ ಬಿಸಿಲು ಬಂತು. ಕುರಿಗಳನ್ನು ಜಾಡಿನ ಕೆಳಗೆ ಬಿಟ್ಟು ಬಂಡೆಯ ಕಡೆ ಬರುತ್ತಿದ್ದೆ. ಕಾಲ್ದಾರಿಯ ಮೇಲೆ, ಕುರಿ ತುಳಿದು ಬೋಳಾದ ನೆಲದ ಮೇಲೆ, ರೆಕ್ಕೆ ಬಿಚ್ಚಿಕೊಂಡು ಒಂದು ಕೂತಿತ್ತು. ಅಲ್ಲೇ ನಿಂತೆ. ಇನ್ನೊಂದು ಕಡೆಯಿಂದ ಎರಡನೆಯದು ಬಂತು. ಎರಡೂ ಒಂದರ ಸುತ್ತ ಒಂದು ತಿರುಗುತ್ತಾ ಮೊಣಕಾಲೆತ್ತರಕ್ಕೆ ಎದ್ದು, ಬೇರೆಯಾದವು, ಅವುಗಳಲ್ಲಿ ಒಂದು ತುರಚಿಯ ಎಲೆಯ ಮೇಲೆ ಇಳಿಯಿತು. ಹೊಟ್ಟೆ ಬಾಗಿಸಿತು. ಅದು ಹಾರಿಹೋದ ಮೇಲೆ ಮೊಣಕಾಲೂರಿ ನೋಡಿದೆ. ಎಲೆಯ ಮೇಲೆ ಸಾಸಿವೆಗಿಂತ ಸಣ್ಣದಾದ, ಮಸುಕು ಬಣ್ಣದ ಒಂದು ಮೊಟ್ಟೆ ಇತ್ತು.

ಯಾರಿಗಾದರೂ ಹೇಳಬೇಕಿತ್ತು. ಸುತ್ತ ಮುತ್ತ ಒಂದು ನರಪಿಳ್ಳೆಯೂ ಇರಲಿಲ್ಲ. ಪುಣೆಯವರಿಗೆ ಫೋನು ಹಚ್ಚಿದೆ, ಎತ್ತಲಿಲ್ಲ. ಅಣ್ಣನಿಗೆ ಹಚ್ಚಿ, ರಿಂಗಾಗುವ ಮೊದಲೇ ಕಡಿದೆ. ಸೋಮವಾರವಲ್ಲದಿದ್ದರೂ ಜೇವರ್ಗಿಗೆ ಹಚ್ಚಿದೆ. ಮಗಳು ಎತ್ತಿ ಅಪ್ಪನ ಕೈಗೆ ಕೊಟ್ಟಳು.

"ಮುತ್ಯಾ, ಬಂದಾವ್ರಿ! ಬಂದಾವ!"

"ಆಂ? ಏನಾತ್ರಿ?"

"ಬಂದಾವ! ಎರಡು ಬಂದಾವ!"

"ಎರಡು ಹಾಕ್ಯಾದ? ಕರಿಯದೇನು?" ಅವನ ದನಿ ಏರಿತು. "ಹೆಣ್ಣೋ ಗಂಡೋ?"

ಅವನು ಮರಿಯ ವಿಷಯ ಕೇಳುತ್ತಿದ್ದ. ತಿದ್ದಲು ಬಾಯಿ ತೆರೆದೆ, ನಗು ಬಂದುಬಿಟ್ಟಿತು. ನಗುತ್ತಾ ಇದ್ದವಳಿಗೆ ಅಳು ಬಂತು. ಫೋನು ಕಿವಿಗೆ ಹಿಡಿದುಕೊಂಡು ಬಂಡೆಯ ಮೇಲೆ ಕೂತೆ.

"ಪಾತರಗಿತ್ತಿ ಮುತ್ಯಾ. ಪಾತರಗಿತ್ತಿ ಬಂದಾವ."

ಈ ಸಲ ಅವನಿಗೆ ಕೇಳಿಸಿತು. "ಆಕಿ ಇದ್ದಿದ್ರ," ಅಂದ. ಫೋನಿನಲ್ಲಿ ಅವನು ಅವಳ ಮಾತೆತ್ತಿದ್ದು ಅದೊಂದೇ ಸಲ. ಮಾತು ಪೂರ್ತಿ ಮಾಡಲಿಲ್ಲ. ಆಮೇಲೆ, "ಕುರಿ ಎಲ್ಲದಾವ್ರಿ ಈಗ?" ಅಂತ ಕೇಳಿದ.

"ಜಾಡಿನ ಕೆಳಗ."

"ಬಂಡೆ ಕಡಿ ಬಿಡಬ್ಯಾಡ್ರಿ ಹಂಗಾದ್ರ, ಹದಿನೈದು ದಿನ. ಹುಳ ಬೆಳೀಲಿ."

ಹದಿನೈದು ದಿನ ಬಿಡಲಿಲ್ಲ. ಈ ಮಳೆಗಾಲ ಮಡ್ಡಿಯ ಎರಡು ತುಂಡಿನಲ್ಲಿ ಅವು ಕಂಡವು, ಮೂರನೆಯದರಲ್ಲಿ ಇಲ್ಲ. ಮುಂದಿನ ವರ್ಷ ಇರುತ್ತವೆ ಅಂತ ಯಾರೂ ಹೇಳಲಾರರು, ಪುಣೆಯವರೂ ಹೇಳಲಿಲ್ಲ. ಕರಿಯ ಕುರಿ ದಸರೆಯ ಮುಂದೆ ಒಂದೇ ಮರಿ ಹಾಕಿತು, ಹೆಣ್ಣು. ಅದು ನನ್ನ ಪಾಲಿಗೆ ಅಂತ ಮುತ್ಯಾ ಫೋನಿನಲ್ಲೇ ತೀರ್ಮಾನ ಮಾಡಿದ. ಅವನು ಒಮ್ಮೆ ಬಂದು ನೋಡುತ್ತೇನೆ ಅನ್ನುತ್ತಾನೆ, ಮೊಣಕಾಲು ಬಿಡುತ್ತಿಲ್ಲ. ಸುತ್ತಲಿನ ಹೊಲಗಳಲ್ಲಿ ತೊಗರಿ ಹೂ ಬಿಟ್ಟಿದೆ. ಮಾತಿಲ್ಲದ ದಿನಗಳು ಈಗಲೂ ಬರುತ್ತವೆ, ಹೆಚ್ಚು ಕಡಿಮೆ ಮೊದಲಿನಷ್ಟೇ. ದೀಪಾವಳಿ ಮುಗಿದ ಮರುದಿನ ಬಡಗಣ ತುಂಡಿನಲ್ಲಿ ಹುಲ್ಲು ಎದೆಯೆತ್ತರ ನಿಂತಿತ್ತು. ಕುಡಗೋಲು ಮಸೆದುಕೊಂಡು ಒಂದು ಅಂಚಿನಿಂದ ಕೊಯ್ಯುತ್ತಾ ಹೊರಟೆ.